ಡಾಕ್ಟರ ಕಾರಿನ ಟಾಪು ಬಿಚ್ಚಿದ್ದು

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಯಾವ ಕೆಲಸ ಭಾಳ ಕಷ್ಟ ತಾತ?" ಎಂಜಿನ್ ಇಳಿಸುವುದು ಅಂತ ಹೇಳುತ್ತೇನೆ ಎಂದುಕೊಂಡಿರುತ್ತಾರೆ. ಎಂಜಿನ್ ಇಳಿಸುವುದು ಕಷ್ಟವಲ್ಲ, ಭಾರ ಅಷ್ಟೆ. ನಾಲ್ಕು ಜನ ಮತ್ತು ಒಂದು ಸರಪಳಿ ಇದ್ದರೆ ಆಗಿಹೋಗುತ್ತದೆ. ನಿಜವಾಗಿ ಕಷ್ಟ ಅಂದರೆ ಸಿಕ್ಕಿಕೊಂಡಿದ್ದನ್ನು ಮುರಿಯದೆ ಬಿಡಿಸುವುದು. ಈ ಮಾತು ನನ್ನದಲ್ಲ, ನನ್ನ ಗುರು ರತ್ನಂ ಮೇಸ್ತ್ರಿಯದು. ನಾನು ಕೆಲಸದಲ್ಲಿ ಮುಂದೆ ಏನೇನಾದೆ, ಯಾವಾಗ ಆದೆ ಎಂಬುದರಿಂದ ನಿಮಗೇನೂ ಉಪಯೋಗವಿಲ್ಲ. ಅವರ ಕೈಕೆಳಗೆ ಕಲಿತದ್ದನ್ನು ಹೇಳಿದರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ, ರಾಗಿ ಹೊಲದ ಮನೆತನ. ಐವತ್ತರ ದಶಕದ ಮೊದಲಲ್ಲಿ ನಾನು ಚಿನ್ನದ ಗಣಿಯ ಊರಾದ ಊರಿಗಾಂನ ಒಂದು ಮೋಟಾರು ಗ್ಯಾರೇಜಿಗೆ ಸೇರಿದೆ. ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಗಣಿಯ ಸಂಗು ಕೂಗುವ ಹೊತ್ತಿಗೆ ಊರಿಗಾಂನಲ್ಲಿ ಇಳಿಯುತ್ತಿದ್ದೆ. ಸಂಗು ಅಂದರೆ ಸೈರನ್. ಅಲ್ಲಿನ ಜನ ಗಡಿಯಾರ ನೋಡುತ್ತಿರಲಿಲ್ಲ. ಸಂಗು ಕೂಗಿದರೆ ಏಳುತ್ತಿದ್ದರು, ಕೂಗಿದರೆ ಉಣ್ಣುತ್ತಿದ್ದರು. ಬೇರೆ ಹೊತ್ತಿನಲ್ಲಿ ಕೂಗಿದರೆ ಮಾತ್ರ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಗಣಿಯ ಕಡೆ ಓಡುತ್ತಿದ್ದರು.

ರತ್ನಂ ಮೇಸ್ತ್ರಿ ಗಣಿ ಕೂಲಿಗಳ ಲೈನು ಮನೆಯಲ್ಲಿ ಹುಟ್ಟಿದವರು. ಮನೆಮಾತು ತಮಿಳು, ಕನ್ನಡವನ್ನು ತಮಗೆ ಹೇಗೆ ಬೇಕೋ ಹಾಗೆ ಬಗ್ಗಿಸಿಕೊಂಡು ಆಡುತ್ತಿದ್ದರು, ಸಿಟ್ಟು ಬಂದರೆ ತೆಲುಗು. ಸಿಟ್ಟು ದಿನಕ್ಕೆ ಹಲವು ಸಲ ಬರುತ್ತಿತ್ತು. ಆದರೆ ಗಾಡಿಯ ಮೇಲೆ ಎಂದೂ ಸಿಟ್ಟು ಮಾಡುತ್ತಿರಲಿಲ್ಲ. "ಗಾಡಿ ಏನು ತಪ್ಪು ಮಾಡ್ತದೆ? ಅದಕ್ಕೆ ಯಾರೋ ಏನೋ ಮಾಡಿರ್ತಾರೆ. ಏನು ಮಾಡಿದ್ರು ಅಂತ ಮೊದ್ಲು ಕೇಳು" ಎನ್ನುತ್ತಿದ್ದರು.

ಈ ಮಾತಿನ ಬೆಲೆ ನನಗೆ ತಿಳಿದದ್ದು ಕಾಮಸಮುದ್ರದ ಕಡೆಯ ಒಂದು ಬಸ್ಸಿನಿಂದ. ರೇಡಿಯೇಟರು ಕೊತಕೊತ ಕುದಿಯುತ್ತದೆ ಅಂತ ಬಸ್ಸು ನಮ್ಮಲ್ಲಿಗೆ ಬಂತು. ನಾನು ಪಂಪು ಬಿಚ್ಚಿದೆ, ಪೈಪು ಬಿಚ್ಚಿದೆ, ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿ ಹರಡಿದೆ. ಮೇಸ್ತ್ರಿ ಬಂದವರೇ ಡ್ರೈವರನ ಹೆಗಲ ಮೇಲೆ ಕೈ ಹಾಕಿ, "ಇದರೊಳಗೆ ಏನು ಹಾಕ್ದೆಪ್ಪಾ?" ಅಂದರು. ಡ್ರೈವರ್ ತಲೆ ತುರಿಸಿಕೊಂಡ. "ಸೋರ್ತಿತ್ತು ಮೇಸ್ತ್ರಣ್ಣ. ಒಂದು ಇಡಿ ರಾಗಿ ಇಟ್ಟು ಆಕ್ದೆ. ಸೋರೋದು ನಿಂತೋಯ್ತು" ಅಂದ. ಸೋರುವುದು ನಿಂತಿತ್ತು ನಿಜ. ನೀರು ಓಡಾಡುವುದೂ ನಿಂತಿತ್ತು. ಕೆಳಗಿನ ಮುಚ್ಚಳ ತೆಗೆದರೆ ಬಿಸಿಬಿಸಿ ಅಂಬಲಿ ಬಂತು. "ಉಪ್ಪು ಹಾಕಿದ್ರೆ ಪ್ಯಾಸೆಂಜರ್‌ಗೆಲ್ಲ ಊಟ ಆಗ್ತಿತ್ತಲ್ಲಾ" ಅಂತ ಮೇಸ್ತ್ರಿ ನಕ್ಕರು. ಡ್ರೈವರನೂ ನಕ್ಕ, ಆಮೇಲೆ ಕೂತು ನಮ್ಮ ಜೊತೆ ಅದನ್ನೆಲ್ಲ ತೊಳೆದ.

ಗ್ಯಾರೇಜಿನ ಯಜಮಾನರು ಶೆಟ್ಟರು. ಒಳ್ಳೆಯವರೇ, ಆದರೆ ಅವಸರದವರು. ಅವರಿಗೆ ಗಾಡಿ ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದು ಇಷ್ಟ. "ಹೊಡಿ, ಎಬ್ಬು, ಕೊಯ್ಯಿ" ಎನ್ನುವುದು ಅವರ ಮಂತ್ರ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಸಾಮಿ" ಎನ್ನುವುದು ಮೇಸ್ತ್ರಿಯ ಮಂತ್ರ. ಈ ಎರಡು ಮಂತ್ರಗಳ ನಡುವೆ ನಾನು ಕೆಲಸ ಕಲಿತೆ.

ಈಗ ಡಾಕ್ಟರ ಕಾರಿನ ವಿಷಯ.

ಅದು ದೊಡ್ಡ ಹಳೇ ಕಾಲದ ವಿಲಾಯ್ತಿ ಕಾರು. ನಾಲ್ಕು ಬಾಗಿಲು, ಎರಡೂ ಪಕ್ಕಕ್ಕೆ ಅಗಲವಾದ ಫುಟ್‌ಬೋರ್ಡು, ಹಿಂದಿನ ಸೀಟಿನಲ್ಲಿ ಒಂದು ಸಂಸಾರ ಕೂರುವಷ್ಟು ಜಾಗ. ಹುಟ್ಟಿನಿಂದ ಅದು ತೆರೆದ ಕಾರು. ಮೊದಲ ಮಾಲೀಕನಾದ ಬಿಳಿಯ ಅಧಿಕಾರಿ ಗಣಿಯ ಧೂಳು ತಡೆಯಲಾರದೆ ಮದ್ರಾಸಿನಲ್ಲಿ ಅದಕ್ಕೊಂದು ಗಟ್ಟಿ ಟಾಪು ಮಾಡಿಸಿದ್ದ. ಮರದ ಚೌಕಟ್ಟು, ಮೇಲೆ ತಗಡು, ಸುತ್ತ ರಬ್ಬರ್ ಪಟ್ಟಿ. ಬೇಕಾದಾಗ ಹಾಕಿಕೊಳ್ಳಬಹುದು, ಬೇಡವಾದಾಗ ಎತ್ತಿ ಇಡಬಹುದು. ಆತ ತನ್ನ ದೇಶಕ್ಕೆ ಹೊರಟಾಗ ಗಣಿ ಆಸ್ಪತ್ರೆಯ ಮೂಳೆ ಡಾಕ್ಟರು ಕಾರು ಕೊಂಡರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಅವರು ಒಂದು ದಿನವೂ ಟಾಪು ತೆಗೆಸಿರಲಿಲ್ಲ. ತೆಗೆಯಬಹುದು ಅನ್ನುವುದೇ ಊರಿಗೆ ಮರೆತುಹೋಗಿತ್ತು.

ಒಂದು ಬೆಳಿಗ್ಗೆ ಡಾಕ್ಟರು ಕಾರನ್ನು ತಾವೇ ಓಡಿಸಿಕೊಂಡು ಬಂದರು. ಪಕ್ಕದಲ್ಲಿ ಒಬ್ಬ ಹಳ್ಳಿಯ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಹೆಸರು ಚೌಡಮ್ಮ. ಕಾಮಸಮುದ್ರದ ದಾರಿಯ ಒಂದು ಹಳ್ಳಿಯವಳು. ಅವಳ ಗಂಡ ಯಲ್ಲಪ್ಪ ಗಣಿಯ ಆಳದಲ್ಲಿ ಮರದ ಆಸರೆ ಕಟ್ಟುವ ಕೆಲಸದವನು. ಕೆಲವು ವಾರಗಳ ಹಿಂದೆ ಒಳಗೆ ಬಂಡೆ ಸಿಡಿದು ಅವನು ಕೆಳಗೆ ಸಿಕ್ಕಿಬಿದ್ದಿದ್ದ. ಸತ್ತ ಅಂತಲೇ ಹಳ್ಳಿಗೆ ಸುದ್ದಿ ಹೋಗಿತ್ತು. ಜೊತೆಯ ಆಳುಗಳು ಅವನನ್ನು ಹೇಗೋ ಎಳೆದು ಮೇಲಕ್ಕೆ ತಂದರು. ಕಾಲು ಉಳಿಯುವುದಿಲ್ಲ, ಕತ್ತರಿಸಿಬಿಡೋಣ ಎಂದವರಿದ್ದರು. ನಮ್ಮ ಡಾಕ್ಟರು ಒಪ್ಪದೆ, ಮೂಳೆ ಜೋಡಿಸಿ, ಎದೆಯ ಕೆಳಗಿನಿಂದ ಪಾದದವರೆಗೆ ಕಾಲು ಅಗಲಿಸಿ ಪ್ಲಾಸ್ಟರು ಹಾಕಿದ್ದರು. ಅವನು ಕೂರುವಂತಿಲ್ಲ, ಮಡಚುವಂತಿಲ್ಲ, ಹೊರಳುವಂತಿಲ್ಲ.

ಅವನ ಮಗಳು ಪಾಪಮ್ಮನ ಮದುವೆ ನಾಡಿದ್ದು.

"ನಮ್ಮ ಬಾವ ಧಾರೆ ಎರೀತೀನಿ ಅಂತವ್ನೆ, ಇಲ್ಲ ಅಂತಿಲ್ಲ" ಅಂದಳು ಚೌಡಮ್ಮ. "ಆದ್ರೆ ಅಪ್ಪ ಬದ್ಕಿರುವಾಗ ಇನ್ನೊಬ್ರು ಧಾರೆ ಎರೆದ್ರೆ ಏನರ್ಥ ಮೇಸ್ತ್ರಣ್ಣ? ಇವ್ನು ಸತ್ತ ಅಂತ ಒಂದ್ಸಲ ಊರೆಲ್ಲ ಅತ್ತಾಯ್ತು. ಇನ್ನೊಂದ್ಸಲ ಸಾಯ್ಸೋದಾ? ಅಪ್ಪ ಬರ್ದಿದ್ರೆ ಅಸೆಮಣೆ ಮೇಲೆ ಕೂರಕಿಲ್ಲ ಅಂತ ಮಗ್ಳು ಕೂತವ್ಳೆ. ಆಸ್ಪತ್ರೆಯಾಗೆ ಇವ್ನು ಎರಡು ದಿನದಿಂದ ಕೂಳು ಮುಟ್ಟಿಲ್ಲ."

ಡಾಕ್ಟರು ವಿಷಯ ವಿವರಿಸಿದರು. ಆಸ್ಪತ್ರೆಯ ಗಾಡಿಯನ್ನು ಗಣಿಯ ಎಲ್ಲೆ ದಾಟಿಸುವಂತಿಲ್ಲ. ರೈಲಿನಲ್ಲಿ ಬಂಗಾರಪೇಟೆಗೆ ಒಯ್ದರೂ ಅಲ್ಲಿಂದ ಮುಂದೆ ಎತ್ತಿನ ಗಾಡಿಯೋ ಲಾರಿಯೋ. ಕುಲುಕಿದರೆ ಜೋಡಿಸಿದ ಮೂಳೆ ಕಳಚಿ ಕಾಲು ಹೋದಂತೆಯೇ. ಅವರ ಕಾರಿನ ಸ್ಪ್ರಿಂಗು ಮೆತ್ತಗಿದೆ, ಹಿಂದಿನ ಸೀಟು ಕಿತ್ತು ಹಲಗೆ ಹಾಕಿದರೆ ಅವನನ್ನು ಮಲಗಿಸಬಹುದು. ಆದರೆ ಕಾಲು ಅಗಲಿಸಿದ ಆ ಪ್ಲಾಸ್ಟರು ಯಾವ ಬಾಗಿಲಲ್ಲೂ ತೂರುವುದಿಲ್ಲ. ಇಳಿಸಿದರೆ ಮೇಲಿನಿಂದಲೇ ಇಳಿಸಬೇಕು. ಅಂದರೆ ಟಾಪು ತೆಗೆಯಬೇಕು.

"ತೆಗೆಯಕ್ಕೇ ಅಲ್ವಾ ಮಾಡಿರೋದು" ಅಂದರು ಮೇಸ್ತ್ರಿ. ಅಷ್ಟು ಸುಲಭದ ಮಾತಾಗಿತ್ತು ಅದು.

ಚೌಡಮ್ಮನನ್ನು ಬಸ್ಸು ಹತ್ತಿಸಿ ಕೆಲಸಕ್ಕೆ ಕೈ ಹಾಕಿದೆವು. ಮುಂದಿನ ಗಾಜಿನ ಚೌಕಟ್ಟಿಗೆ ಟಾಪನ್ನು ಹಿಡಿದಿದ್ದ ಕಿವಿ ನಟ್ಟುಗಳು ಸೀಮೆಎಣ್ಣೆ ಕುಡಿದ ಮೇಲೆ ತಿರುಗಿದವು. ಹಿಂದೆ ಸೀಟಿನ ಬೆನ್ನಿಗೆ ಬೋಲ್ಟುಗಳಿದ್ದವು. ಅವೂ ಗೊಣಗುತ್ತಾ ಬಂದವು. ಆಮೇಲೆ ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಎತ್ತಿದೆವು. ಟಾಪು ಅಲ್ಲಾಡಲಿಲ್ಲ, ಇಡೀ ಕಾರು ಸ್ಪ್ರಿಂಗಿನ ಮೇಲೆ ಎದ್ದಿತು.

ನೋಡಿದರೆ ರಬ್ಬರ್ ಪಟ್ಟಿ ಕಾರಿನ ಮೈಗೆ ಒಂದಾಗಿಹೋಗಿತ್ತು. ಯಾವನೋ ಪುಣ್ಯಾತ್ಮ ಮಳೆ ನೀರು ಇಳಿಯಬಾರದು ಅಂತ ಪಟ್ಟಿಗೆ ಗ್ರೀಸು ಬಳಿದಿದ್ದ. ಗ್ರೀಸು ಕುಡಿದು ರಬ್ಬರು ಊದಿಕೊಂಡು ಮೆತ್ತಗಾಗಿತ್ತು. ಅದರ ಮೇಲೆ ಗಣಿಯವರು ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳ ಬಿಳಿ ಧೂಳು ಗಾಳಿಗೆ ಬಂದು ಕೂತು, ವರ್ಷಗಟ್ಟಲೆ ಬಿಸಿಲಿಗೆ ಕಾದು ಗಾರೆಯ ಹಾಗೆ ಗಟ್ಟಿಯಾಗಿತ್ತು. ನಾನು ಹಾರೆಯ ತುದಿಯನ್ನು ಸಂದಿಗೆ ಇಡಲು ಹೋದೆ. ಮೇಸ್ತ್ರಿ ನನ್ನ ಕೈಗೆ ಒಂದು ಕೊಟ್ಟರು. "ಡೇಯ್ ನಾರಾಣ, ಮುಂದಿನ ಗಾಜು ಯಾರಪ್ಪ ಮದ್ರಾಸಿಂದ ತರ್ತಾನೆ, ನಿಮ್ಮಪ್ಪನಾ?"

ಬಿಸಿನೀರಿನ ಬಟ್ಟೆ ಹಾಕಿದೆವು, ಸೀಮೆಎಣ್ಣೆ ಬಿಟ್ಟೆವು, ಮೊಂಡು ಚಾಕುವಿನಿಂದ ಧೂಳಿನ ಗಾರೆ ಕೆರೆದೆವು. ಸಂಜೆಯಾಗುವಷ್ಟರಲ್ಲಿ ಮುಂದಿನ ಒಂದು ಗೇಣು ಬಿಟ್ಟಿತ್ತು ಅಷ್ಟೆ. ಶೆಟ್ಟರು ಬಂದು ನೋಡಿ, "ಗರಗಸ ಹಾಕಿ ಕೊಯ್ದುಬಿಡ್ರೋ" ಅಂದರು. ಆಸ್ಪತ್ರೆ ಕೆಲಸ ಮುಗಿಸಿ ಬಂದ ಡಾಕ್ಟರೂ ಅದನ್ನೇ ಅಂದರು. "ಟಾಪು ಹೋದರೆ ಹೋಗಲಿ ಮೇಸ್ತ್ರಿ. ನನಗೇನೂ ಬೇಸರವಿಲ್ಲ. ಅವನಿಗೆ ನಾನು ಮಾತು ಕೊಟ್ಟಿದ್ದೀನಿ."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಅವರನ್ನು ನೋಡಿದರು. "ಡಾಕ್ಟರ್ ಸಾರ್, ಅವನ ಕಾಲು ಕೊಯ್ಯಿ ಅಂತ ಎಲ್ಲಾರೂ ಹೇಳಿದ್ರು. ನೀವು ಕೊಯ್ದ್ರಾ? ಇಲ್ಲ ಅಲ್ವಾ? ಮತ್ತೆ ನನಗೆ ಯಾಕೆ ಹೇಳ್ತೀರಾ? ನಾಳೆ ಒಂದು ದಿನ ಕೊಡಿ. ಆಗದಿದ್ರೆ ಸಾಯಂಕಾಲ ನಾನೇ ಗರಗಸ ಹಿಡೀತೀನಿ."

ಡಾಕ್ಟರು ಕೋಟು ತೆಗೆದು ಬಾಗಿಲಿಗೆ ನೇತುಹಾಕಿ, ಬಗ್ಗಿ ಆ ಸಂದಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಮ್ಮಲ್ಲಿ ಗಾಯಕ್ಕೆ ಬಟ್ಟೆ ಅಂಟಿಕೊಂಡರೆ ಎಳೆಯುವುದಿಲ್ಲ. ನೆನೆಸಿ, ಕಾದು, ನಡುವೆ ದಾರ ಹಾಯಿಸಿದರೆ ಬಿಡುತ್ತೆ. ಇಲ್ಲೂ ಹಾಗೇ ಮಾಡಬಹುದೇನೋ" ಅಂದರು. ಮೇಸ್ತ್ರಿಯ ಮುಖ ಅರಳಿತು. ಇಂಥ ಕಡೆ ಅವರಿಗೆ ದೊಡ್ಡಸ್ತಿಕೆ ಇರಲಿಲ್ಲ. ಯಾರು ಹೇಳಿದರೂ ಒಳ್ಳೆಯ ಉಪಾಯ ಒಳ್ಳೆಯ ಉಪಾಯವೇ. ಒದ್ದೆ ಗೋಣಿಗಳನ್ನು ಸುತ್ತಲೂ ಹೊದಿಸಿ ಅವತ್ತಿಗೆ ಹಾಗೇ ಬಿಟ್ಟೆವು.

ಮರುದಿನ ಮೀನು ಹಿಡಿಯುವ ಗಟ್ಟಿ ದಾರ ತಂದೆವು. ಕಾರಿನ ಒಳಗೆ ನಾನು ಕೂತೆ, ಹೊರಗೆ ಮೇಸ್ತ್ರಿ. ಬಿಟ್ಟಿದ್ದ ಸಂದಿಯಲ್ಲಿ ದಾರ ತೂರಿಸಿ, ಒಮ್ಮೆ ನಾನು ಎಳೆಯುವುದು, ಒಮ್ಮೆ ಅವರು. ಮರ ಕೊಯ್ಯುವವರು ಎಳೆದಾಡುವ ಹಾಗೆ. ದಾರ ರಬ್ಬರಿಗೂ ಬಣ್ಣಕ್ಕೂ ನಡುವೆ ಮೆಲ್ಲನೆ ಸರಿಯತೊಡಗಿತು. ತುಂಡಾದಾಗ ಇನ್ನೊಂದು. ಅದು ತುಂಡಾದಾಗ ಮತ್ತೊಂದು. ಕಾರಿನೊಳಗೆ ಬೇಯುತ್ತಿದ್ದೆ, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬಲಗಡೆ ಪೂರ್ತಿ ಬಿಟ್ಟಿತು, ಎಡಗಡೆಯೂ ಬಿಟ್ಟಿತು. ಹಿಂಭಾಗ ಬಿಟ್ಟಿತು. ಹಿಂದಿನ ಎಡ ಮೂಲೆಗೆ ಬಂದಾಗ ದಾರ ಟಕ್ಕಂತ ನಿಂತಿತು. ಎಳೆದರೆ ತುಂಡಾಯಿತು. ಹೊಸ ದಾರ ಹಾಕಿದರೆ ಅದೇ ಜಾಗದಲ್ಲಿ ಅದೂ ತುಂಡಾಯಿತು.

"ನಿಲ್ಸು" ಅಂದರು ಮೇಸ್ತ್ರಿ. "ರಬ್ಬರ್ ಅಲ್ಲ ಇದು. ಒಳಗೆ ಕಬ್ಬಿಣ ಇದೆ."

ಆ ಮೂಲೆಯಲ್ಲಿ ಕಬ್ಬಿಣದ ಏನೂ ಕಾಣುತ್ತಿರಲಿಲ್ಲ. ನುಣ್ಣಗೆ, ಕಪ್ಪಗೆ, ಹೊಳೆಯುತ್ತಿತ್ತು. ಮೇಸ್ತ್ರಿ ಹೆಬ್ಬೆರಳಿನಿಂದ ಸವರಿ ಸವರಿ ನೋಡಿದರು. ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡು ನಗತೊಡಗಿದರು. "ಪೂಜೆ ಪೇಂಟ್ ಡಾ! ಆಯುಧಪೂಜೆ ಪೇಂಟ್!"

ನಮ್ಮ ಕಡೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಯುಧಪೂಜೆ ಬಂತೆಂದರೆ ಗಣಿಯ ಹತ್ತಿರದ ಪ್ರತಿ ಯಂತ್ರಕ್ಕೂ ಹೊಸ ಬಣ್ಣ ಬೀಳಬೇಕು. ಪಂಪು, ಜಾಕು, ಸ್ಪ್ಯಾನರಿನ ಪೆಟ್ಟಿಗೆ, ಯಾವುದನ್ನೂ ಬಿಡುವುದಿಲ್ಲ. ಬಣ್ಣ ಹೊಡೆಯುವವನು ಬ್ರಶ್ಶು ಹಿಡಿದರೆ ನಟ್ಟು ಯಾವುದು, ತಗಡು ಯಾವುದು ಅಂತ ನೋಡುವುದಿಲ್ಲ. ದೇವರ ಕೆಲಸ, ಧಾರಾಳವಾಗಿ ಬಳಿಯುತ್ತಾನೆ. ಈ ಕಾರಿಗೂ ವರ್ಷ ವರ್ಷ ಯಾರೋ ಭಕ್ತಿಯಿಂದ ಬಳಿದಿದ್ದರು. ಮೂಲೆಯ ಒಂದು ಸ್ಕ್ರೂ ಆ ಭಕ್ತಿಯಲ್ಲಿ ಪೂರ್ತಿ ಮುಳುಗಿಹೋಗಿತ್ತು. ಬಲಮೂಲೆಯ ಜೋಡಿ ಸ್ಕ್ರೂ ಎಂದೋ ಬಿದ್ದುಹೋಗಿದ್ದರಿಂದ ಅಲ್ಲೊಂದು ಇರಬೇಕೆಂದೇ ನಮಗೆ ಹೊಳೆದಿರಲಿಲ್ಲ. ಎಲ್ಲರೂ ಸೇರಿ ಬಲವಾಗಿ ಎತ್ತಿದ್ದರೆ ಆ ಒಂದು ಸ್ಕ್ರೂ ಮೂಲೆಯನ್ನು ಹಿಡಿದುಕೊಂಡು ಚೌಕಟ್ಟನ್ನು ತಿರುಚಿ, ಗಾಜು ಒಡೆದು, ಡಾಕ್ಟರ ಕಾರನ್ನು ಗುಜರಿ ಮಾಡುತ್ತಿತ್ತು.

ಬಣ್ಣವನ್ನು ಪದರ ಪದರವಾಗಿ ಕೆರೆದೆವು. ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೆ ಕಪ್ಪು. ಕೊನೆಗೆ ಸ್ಕ್ರೂವಿನ ತಲೆ ಕಂಡಿತು. ಮೇಸ್ತ್ರಿ ಸೂಜಿಯಿಂದ ಅದರ ಸೀಳನ್ನು ಬಿಡಿಸಿ, ಸ್ಕ್ರೂಡ್ರೈವರ್ ಇಟ್ಟು, ಮೊದಲು ಬಿಗಿಯುವ ಕಡೆಗೇ ಒಂದಿಷ್ಟು ತಿರುಗಿಸಿದರು. ಇದನ್ನು ನೀವೂ ನೆನಪಿಡಿ: ಬಿಡದ ಸ್ಕ್ರೂವನ್ನು ಮೊದಲು ಬಿಗಿಯಬೇಕು, ಆಗ ಅದು ಹಿಡಿತ ಸಡಿಲಿಸುತ್ತದೆ. ಆಮೇಲೆ ಉಲ್ಟಾ ತಿರುಗಿಸಿದರು. ಕಿರ್ರ್ ಅಂತು. ಬಂತು.

ನಾಲ್ಕು ಜನ ಎತ್ತಿದೆವು. ಟಾಪು ಉಸಿರು ಬಿಟ್ಟ ಹಾಗೆ ಶಬ್ದ ಮಾಡಿ ಮೇಲೆ ಬಂತು. ಅದನ್ನು ಗೋಡೆಗೆ ಒರಗಿಸಿ ತಿರುಗಿ ನೋಡಿದರೆ ಕಾರಿನೊಳಗೆ ಬಿಸಿಲು ತುಂಬಿಕೊಂಡಿತ್ತು. ಯಾವಾಗಲೂ ಗೊಣಗುವ ಶೆಟ್ಟರು ಎಲ್ಲರಿಗೂ ಚಹಾ ತರಿಸಿದರು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಮದುವೆಯ ದಿನ ಬೆಳಕು ಹರಿಯುವಾಗಲೇ ಆಸ್ಪತ್ರೆಯ ಅಂಗಳದಲ್ಲಿ ಯಲ್ಲಪ್ಪನನ್ನು ಹಾಸಿಗೆ ಸಮೇತ ಎತ್ತಿ, ಮೇಲಿನಿಂದ ಕಾರಿನೊಳಗಿನ ಹಲಗೆಯ ಮೇಲೆ ಇಳಿಸಿದೆವು. ಡಾಕ್ಟರು ಕಾರು ಓಡಿಸಿದರು. ಪಕ್ಕದಲ್ಲಿ ಮೇಸ್ತ್ರಿ. ನಾನು ಫುಟ್‌ಬೋರ್ಡಿನ ಮೇಲೆ ನಿಂತು ಯಲ್ಲಪ್ಪನ ಭುಜ ಹಿಡಿದುಕೊಂಡಿದ್ದೆ. ಆಳದ ಕತ್ತಲಲ್ಲಿ ಬದುಕು ಕಳೆದವನು, ಆಸ್ಪತ್ರೆಯ ಸೂರನ್ನೇ ವಾರಗಟ್ಟಲೆ ನೋಡಿದವನು, ಬಂಗಾರಪೇಟೆ ದಾಟುವವರೆಗೂ ಆಕಾಶ ನೋಡುತ್ತಾ ಮಲಗಿದ್ದ. ಆಮೇಲೆ "ಇದು ನಮ್ಮ ಕೆರೆ ಗಾಳಿ ಕಣ್ಲಾ" ಅಂದ.

ಹಳ್ಳಿಯ ಬಂಡಿ ದಾರಿಯಲ್ಲಿ ಕಾರು ಆಮೆಯ ಹಾಗೆ ಹೋಯಿತು. ಎರಡು ಮೂರು ಕಡೆ ಮೇಸ್ತ್ರಿ ಇಳಿದು ಅಡಿಗೆ ನುಸುಳಿ ಸ್ಪ್ರಿಂಗು ನೋಡಿಕೊಂಡು ಬಂದರು. ಚಪ್ಪರದ ಹತ್ತಿರ ಬಂದಾಗ ಪುರೋಹಿತರು ಮುಹೂರ್ತ ಮುಹೂರ್ತ ಎಂದು ಕೂಗುತ್ತಿದ್ದರು. ಮತ್ತೆ ಎತ್ತಿ ಇಳಿಸಿದರೆ ಮೂಳೆಗೆ ಅಪಾಯ ಅಂದರು ಡಾಕ್ಟರು. ಯಲ್ಲಪ್ಪನ ಅಣ್ಣ ಹಿಂದುಮುಂದು ನೋಡದೆ ಚಪ್ಪರದ ಒಂದು ಕಂಬವನ್ನೇ ಕಿತ್ತ. ಕಾರು ಚಪ್ಪರದೊಳಕ್ಕೆ ಬಂತು. ಪಾಪಮ್ಮ ಅಪ್ಪನನ್ನು ನೋಡಿ ಬಾಸಿಂಗ ಜಾರುವ ಹಾಗೆ ಅತ್ತಳು.

ಹೆಣ್ಣು ಗಂಡು ಕಾರಿನ ಪಕ್ಕಕ್ಕೆ ಬಂದು ಕೈ ಸೇರಿಸಿ ಹಿಡಿದರು. ಚೌಡಮ್ಮ ಫುಟ್‌ಬೋರ್ಡು ಹತ್ತಿ ಗಂಡನ ಕೈಗೆ ಚೊಂಬು ಕೊಟ್ಟು, ಆ ಕೈಯನ್ನು ತಾನೂ ಹಿಡಿದಳು. ಬದುಕಿರುವ ಅಪ್ಪ ಬದುಕಿರುವ ಅಮ್ಮನ ಜೊತೆ ಮಗಳಿಗೆ ಧಾರೆ ಎರೆದ. ಹಾಲು ಕಾರಿನ ಬಾಗಿಲ ಮೇಲೆಲ್ಲ ಹರಿಯಿತು. ಡಾಕ್ಟರು ಅದನ್ನು ಒರೆಸಲು ಹೋಗಲಿಲ್ಲ.

ಆಮೇಲೆ ನೆಂಟರ ಸರದಿ. ನಮ್ಮ ಕಡೆ ಮದುವೆಗೆ ಬಂದ ಬಂಧುಗಳೆಲ್ಲ ಒಬ್ಬೊಬ್ಬರಾಗಿ ಆ ಕೈಗಳ ಮೇಲೆ ಹಾಲು ಬಿಡುತ್ತಾರೆ. ಡಾಕ್ಟರನ್ನು ಮೊದಲೇ ಕರೆದರು. ನನ್ನನ್ನೂ ಕರೆದರು; ನಾನು ಅವರ ಪೈಕಿಯವನೇ. ಮೇಸ್ತ್ರಿಯನ್ನು ಯಾರೂ ಕರೆಯಲಿಲ್ಲ. ಲೈನಿನವರೆಂದರೆ ಹಳ್ಳಿಯವರ ಲೆಕ್ಕದಲ್ಲಿ ಮುಟ್ಟಬಾರದ ಜಾತಿಯವರು; ಅವರು ಚಪ್ಪರದೊಳಗೆ ಬರುವ ಕಾಲ ಅದಲ್ಲ. ಅದು ಅವರಿಗೂ ಗೊತ್ತು. ಕಾರು ಒಳಗೆ ಬಂದ ಕೂಡಲೇ ಇಳಿದು ಹೊರಗೆ ಹೊಂಗೆ ಮರದ ಕೆಳಗೆ ಹೋಗಿ ನಿಂತಿದ್ದರು.

ಯಲ್ಲಪ್ಪ ತಲೆ ಎತ್ತಲಾರದೆ ಮಲಗಿದಲ್ಲಿಂದಲೇ ಕೇಳಿದ. "ಮೇಸ್ತ್ರಿ ಎಲ್ಲಿ? ಮೇಸ್ತ್ರಿ ಬರ್ಲಿ. ಅವ್ರು ಆಲು ಬಿಡ್ಲಿ."

ಅವನ ಅಣ್ಣ ಬಗ್ಗಿ ಮೆಲ್ಲಗೆ, "ಲೇ ಯಲ್ಲಾ, ಅವ್ರು ಲೈನಿನವ್ರಲ್ವೇನ್ಲಾ" ಅಂದ.

"ಊ ಕಣಣ್ಣ" ಅಂದ ಯಲ್ಲಪ್ಪ. "ಬಂಡೆ ಕೆಳ್ಗಿಂದ ನನ್ನ ಎಳ್ದೋರೂ ಲೈನಿನವ್ರೇ."

ಅಣ್ಣ ಚೊಂಬು ಎತ್ತಿಕೊಂಡು, ಹಾಲು ತುಂಬಿಸಿಕೊಂಡು, ತಾನೇ ಹೊಂಗೆ ಮರದ ಹತ್ತಿರ ಹೋದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಮೇಸ್ತ್ರಿ ಎರಡೂ ಅಂಗೈ ಬಿಚ್ಚಿ ತೋರಿಸಿದರು. ಸ್ಪ್ರಿಂಗಿನ ಗ್ರೀಸು ಮೊಣಕೈವರೆಗೆ ಮೆತ್ತಿತ್ತು. ಅಣ್ಣ ಆ ಕೈಯೊಳಕ್ಕೇ ಚೊಂಬು ಇಟ್ಟ.

ಮೇಸ್ತ್ರಿ ಚೊಂಬು ಹಿಡಿದುಕೊಂಡು ಕಾರಿನ ಹತ್ತಿರ ಬಂದರು. ಪಾಪಮ್ಮ ತಲೆ ಎತ್ತಿ, "ಬಿಡಿ ಮಾಮ" ಅಂದಳು. ಮೇಸ್ತ್ರಿ ಹಾಲು ಬಿಟ್ಟರು. ಮುಂದಿನ ಸರದಿ ನನ್ನದು. ಚೊಂಬು ನನ್ನ ಕೈಗೆ ಬಂದಾಗ ಅದರ ಕುತ್ತಿಗೆಯ ಮೇಲೆ ಅವರ ಹೆಬ್ಬೆರಳಿನ ಗುರುತು ಕಪ್ಪಗೆ ಮೂಡಿತ್ತು. ಅದನ್ನು ಒರೆಸದೆ, ಅದರ ಮೇಲೇ ನನ್ನ ಹೆಬ್ಬೆರಳಿಟ್ಟು ನಾನೂ ಹಾಲು ಬಿಟ್ಟೆ.